ನಮ್ಮವಳೇ ಅಂದ ಒಂದು ಮಾತು

ನಮ್ಮಕ್ಕ ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಾಳೆ ಎಂದರೆ ಜನ ಮೊದಲು ಕೇಳುವುದು, "ಚೆನ್ನಾಗಿ ಹೊಡೀತಾಳಾ?" ಎಂದು. ಅವಳು ಹೊಡೆಯುವುದಿಲ್ಲ. ಎತ್ತಿಕೊಡುತ್ತಾಳೆ. ಹಿಂದಿನಿಂದ ಹೇಗೆ ಹೇಗೋ ಬಂದ ಚೆಂಡನ್ನು ಬೆರಳ ತುದಿಗಳಲ್ಲಿ ತೆಗೆದುಕೊಂಡು, ಹೊಡೆಯುವವಳು ನೆಗೆದಾಗ ಅವಳ ಅಂಗೈ ಎಲ್ಲಿಗೆ ಬರುತ್ತದೋ ಸರಿಯಾಗಿ ಅಲ್ಲಿಗೆ ಏರಿಸಬೇಕು. ಆಟದವರು ಇಂಥವರನ್ನು ಲಿಫ್ಟರ್ ಎನ್ನುತ್ತಾರೆ. ಚೆಂಡು ಲಿಫ್ಟರಿನ ಕೈಯಲ್ಲಿ ನಿಲ್ಲುವಂತಿಲ್ಲ, ನಿಂತರೆ ತಪ್ಪು. ಚಪ್ಪಾಳೆಯೂ ಅವಳ ಹತ್ತಿರ ನಿಲ್ಲುವುದಿಲ್ಲ, ಹೊಡೆದವಳಿಗೆ ಹೋಗುತ್ತದೆ. ಉದ್ದಕ್ಕೆ ತೆಳ್ಳಗಿರುವುದರಿಂದಲೂ, ಬೇರೆಯವರನ್ನು ಮೇಲಕ್ಕೆ ಹತ್ತಿಸುವುದರಿಂದಲೂ ತಂಡದ ಹುಡುಗಿಯರು ಅವಳಿಗೆ ಏಣಿ ಎಂದು ಹೆಸರಿಟ್ಟಿದ್ದಾರೆ.

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ, ಅಜ್ಜಿ, ಅಕ್ಕ, ನಾನು. ಅಪ್ಪ ಲಾರಿ ಓಡಿಸುವವರು, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಅಕ್ಕ ಹಾಸಿಗೆಯ ಮೇಲೆ ಅಂಗಾತ ಮಲಗಿ ಚೆಂಡನ್ನು ಸೂರಿಗೆ ಇನ್ನೇನು ತಾಗುತ್ತದೆ ಎನ್ನುವಷ್ಟು ಎತ್ತರಕ್ಕೆ ಚಿಮ್ಮಿಸುವುದು, ಮತ್ತೆ ಬೆರಳಲ್ಲಿ ಹಿಡಿದು ಚಿಮ್ಮಿಸುವುದು ಮಾಡುತ್ತಿದ್ದಳು. ಒಮ್ಮೊಮ್ಮೆ ತಾಗಿಯೇ ಬಿಡುತ್ತಿತ್ತು. ಮೇಲಿನ ಮನೆಯವರು ನೆಲಕ್ಕೆ ಕೋಲಿನಿಂದ ಕುಟ್ಟುತ್ತಿದ್ದರು. "ಈ ಸೂರಿಗೆ ಬಾಯಿ ಇದ್ದಿದ್ರೆ ಇಷ್ಟೊತ್ತಿಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿರ್ತಿತ್ತು" ಎಂದು ಅಜ್ಜಿ ಗೊಣಗುತ್ತಿದ್ದಳು. ಆದರೆ ಆ ಟಪ್ ಟಪ್ ಸದ್ದು ಕೇಳದಿದ್ದರೆ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಇದು ನಮಗೆ ಗೊತ್ತಾಗಿದ್ದು ಆ ಸದ್ದು ನಿಂತುಹೋದ ಮೇಲೆ.

ಅದು ಏಕೆ ನಿಂತಿತು ಎನ್ನುವುದಕ್ಕೆ ಅಮ್ಮನ ಕಾರ್ಖಾನೆಯಿಂದ ಶುರುಮಾಡಬೇಕು.

ಅಮ್ಮ ಬೂಟಿನ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿದ್ದಾಳೆ. ಬೂಟಿನ ಮೇಲ್ಭಾಗದ ತುಂಡುಗಳನ್ನು ಯಂತ್ರದಲ್ಲಿ ಕೂಡಿಸಿ ಹೊಲಿಯುವುದು ಅವಳ ಕೆಲಸ. ಪಕ್ಕದಲ್ಲೇ ಅಟ್ಟೆಗೆ ಅಂಟು ಹಚ್ಚುವ ಬೆಂಚು ಇರುವುದರಿಂದ ಸಂಜೆ ಮನೆಗೆ ಬಂದಾಗ ಅವಳ ಕೂದಲಿಗೂ ಅಂಟಿನ ವಾಸನೆ ಹತ್ತಿರುತ್ತದೆ. ಆ ಬೆಂಚಿನಲ್ಲಿ ಕೂತವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದಂತೆ. ವಿಭಾಗದ ಮೇಸ್ತ್ರಿ ಕೂಡ ಮೊದಲು ಅಲ್ಲೇ ಕೂತು, ಬಹಳ ವರ್ಷದ ಮೇಲೆ ಎದ್ದು ಮೇಸ್ತ್ರಿಯಾದವರು. ಅವರು ನಮ್ಮ ನೆಂಟರಲ್ಲ. ಆದರೂ ಚಿಕ್ಕಂದಿನಿಂದ ನಾವು ಅವರನ್ನು ಮೇಸ್ತ್ರಿ ಮಾವ ಎಂದೇ ಕರೆಯುವುದು.

ಮೇಸ್ತ್ರಿ ಮಾವನಿಗೆ ಒಂದು ಅಭ್ಯಾಸ. ಅವರ ಬಾಯಲ್ಲಿ 'ನಮ್ಮ' ಅಂಟಿಕೊಳ್ಳದ ವಸ್ತುವೇ ಇಲ್ಲ. ನಮ್ಮ ಮೆಷಿನ್ನು, ನಮ್ಮ ಮ್ಯಾನೇಜರು, ನಮ್ಮ ಬಸ್ಸು, ನಮ್ಮ ಬಿಸಿಲು. ಒಮ್ಮೆ ಅವರ ಜೇಬು ಕತ್ತರಿಸಿದವನು ಸಿಕ್ಕಿಬಿದ್ದಾಗ, "ಹೊಡೀಬೇಡಿ ಸಾರ್, ನಮ್ಮ ಕಳ್ಳ" ಎಂದು ಪೊಲೀಸಿನವರಿಗೆ ಹೇಳಿದರಂತೆ. ಇದು ಅಜ್ಜಿ ಹೇಳುವ ಕತೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ಸುತ್ತಲಿನ ಕಾರ್ಖಾನೆಗಳ ಹೆಂಗಸರಿಗೆ ವರ್ಷಕ್ಕೊಮ್ಮೆ ವಾಲಿಬಾಲ್ ಪಂದ್ಯ ನಡೆಯುತ್ತದೆ. ಅದರಲ್ಲಿ ಕೆಲಸಗಾರರು ಮಾತ್ರ ಆಡಬೇಕು, ಹೊರಗಿನವರು ಕೂಡದು. ಬೂಟಿನವರ ತಂಡವನ್ನು ನೋಡಿಕೊಳ್ಳುವುದು ಮೇಸ್ತ್ರಿ ಮಾವ. ಅಮ್ಮ ಆ ತಂಡದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಈ ಸಲ ಕೊನೆಯ ಪಂದ್ಯ ಟೈರಿನ ಕಾರ್ಖಾನೆಯವರ ಮೇಲೆ. ಅಕ್ಕ, ನಾನು ನೋಡಲು ಹೋಗಿದ್ದೆವು. ಆಟ ಅರ್ಧಕ್ಕೆ ಬಂದಾಗ ಬೂಟಿನವರಲ್ಲಿ ಒಬ್ಬಾಕೆ ಕಾಲು ಉಳುಕಿಸಿಕೊಂಡು ಕೂತುಬಿಟ್ಟಳು. ಬದಲಿಗೆ ಬರಬೇಕಾದವಳು ಆ ದಿನ ಬಂದೇ ಇರಲಿಲ್ಲ. ಐದೇ ಜನರಿದ್ದರೆ ಆಡಿಸುವುದಿಲ್ಲ ಎಂದು ರೆಫ್ರಿ ಗಡಿಯಾರ ನೋಡತೊಡಗಿದರು.

ಮೇಸ್ತ್ರಿ ಮಾವ ಅತ್ತ ಇತ್ತ ನೋಡಿ, ಅಕ್ಕನ ಮೇಲೆ ಕಣ್ಣು ನಿಲ್ಲಿಸಿದರು.

"ಬಾರೇ."

"ಮಾವ, ನಾನು ಕಾರ್ಖಾನೆಯವಳಲ್ಲವಲ್ಲ."

"ನಮ್ಮವಳಲ್ವೇನೇ ನೀನು? ಬಾ ಅಂದ್ರೆ ಬಾ. ಅಮ್ಮ ಬೆವರು ಸುರಿಸ್ತಿದ್ದಾಳೆ, ಮಗಳು ನಿಂತು ನೋಡ್ತೀಯಾ?"

ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಬೇಡ ಎನ್ನಲಿಲ್ಲ. ಬಾ ಎಂದೂ ಹೇಳಲಿಲ್ಲ. ಅಕ್ಕ ಒಳಗೆ ಹೋದಳು. ಟೈರಿನವರ ನಾಯಕಿ ಕೈ ಎತ್ತಿ, "ಇವಳ್ಯಾರು? ನಿಮ್ಮವಳಾ?" ಎಂದು ಕೇಳಿದಳು.

"ನಮ್ಮವಳೇ! ಇನ್ಯಾರವಳು?" ಎಂದರು ಮೇಸ್ತ್ರಿ ಮಾವ. ಕೂಗಿದರು ಎಂದು ಬರೆದರೆ ತಪ್ಪಾಗುತ್ತದೆ. ಅವರ ದನಿಯೇ ಅಷ್ಟು ದೊಡ್ಡದು. ಮೈಕು ಹಿಡಿದವನ ಕಿವಿಗೂ ಬಿದ್ದು, "ಬೂಟಿನ ಕಾರ್ಖಾನೆಯ ಹೊಸ ಆಟಗಾರ್ತಿ ಈಗ ಅಂಗಳಕ್ಕೆ ಬರ್ತಿದ್ದಾರೆ" ಎಂದು ಘೋಷಿಸಿದ.

ಅವತ್ತು ಅಮ್ಮ ಹಿಂದಿನಿಂದ ಎತ್ತಿದ ಚೆಂಡು ಅಕ್ಕನ ಕೈಗೆ ಬಂತು. ಅದಕ್ಕೆ ಮೊದಲು ಅವರಿಬ್ಬರೂ ಒಂದೇ ಕಡೆ ನಿಂತು ಆಡಿದ್ದೇ ಇಲ್ಲ. ಬೂಟಿನವರು ಗೆದ್ದರು. ಶೀಲ್ಡು ಮ್ಯಾನೇಜರ ಕೋಣೆಯ ಗಾಜಿನ ಬೀರು ಸೇರಿತು. ಬರುವಾಗ ಬಸ್ಸಿನಲ್ಲಿ ಅಮ್ಮ ಅಕ್ಕ ಇಬ್ಬರೂ ಯಾವುದೋ ಒಂದು ಪಾಯಿಂಟಿನ ಬಗ್ಗೆ ಮನೆಯವರೆಗೂ ಜಗಳವಾಡಿದರು. ಅಷ್ಟು ಖುಷಿಯಾಗಿದ್ದರು.

ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದರು. ಆ ವಿಡಿಯೋ ಕೈಯಿಂದ ಕೈಗೆ ಹೋಗಿ, ಅಕ್ಕನ ಕಾಲೇಜಿನ ಮೇಲೆ ಸೋತಿದ್ದ ಇನ್ನೊಂದು ಕಾಲೇಜಿನವರಿಗೆ ಸಿಕ್ಕಿತು.

ಕಾಲೇಜು ತಂಡಗಳ ಅಂತಿಮ ಸುತ್ತಿಗೆ ಕೆಲವೇ ದಿನ ಉಳಿದಿತ್ತು. ಅಕ್ಕ ಅಭ್ಯಾಸಕ್ಕೆಂದು ಹೋದಾಗ ಪಿಟಿ ಮೇಡಂ ಅಂಗಳದ ಗೆರೆಯ ಹತ್ತಿರವೇ ತಡೆದು ನಿಲ್ಲಿಸಿದರು. ಪಿಟಿ ಮೇಡಂ ಎಂದರೆ ಕಾಲೇಜಿನಲ್ಲಿ ಆಟ ಕಲಿಸುವವರು. ಕಡಿಮೆ ಮಾತು, ಗಟ್ಟಿ ಮನಸ್ಸು.

"ಗೆರೆ ದಾಟಬೇಡ. ನಿನ್ನ ಮೇಲೆ ದೂರು ಬಂದಿದೆ."

ನಿಯಮ ಹೀಗಿತ್ತು. ವಿದ್ಯಾರ್ಥಿಯಾದವರು ತಮಾಷೆಗೆ, ಅತಿಥಿಯಾಗಿ ಎಲ್ಲಿ ಬೇಕಾದರೂ ಆಡಬಹುದು. ಆದರೆ ಒಂದು ಕಂಪನಿಯ ಕೆಲಸಗಾರ್ತಿಯಾಗಿ, ಆ ಕಂಪನಿಯ ಪರ ಆಡಿದರೆ ಆ ವರ್ಷ ಕಾಲೇಜಿನ ಪರ ಆಡುವ ಅರ್ಹತೆ ಹೋಗುತ್ತದೆ. ಅವಳನ್ನು ಇಟ್ಟುಕೊಂಡು ಗೆದ್ದ ಪಂದ್ಯಗಳೂ ಹೋಗುತ್ತವೆ. ಅಕ್ಕನದು ಕಾಲೇಜಿನ ಕೊನೆಯ ವರ್ಷ. ಅವಳಿಗೆ 'ಮುಂದಿನ ವರ್ಷ' ಎಂಬುದೇ ಇರಲಿಲ್ಲ.

"ನಾನು ಕೆಲಸಗಾರ್ತಿಯಲ್ಲ ಮೇಡಂ."

"ನನಗೆ ಗೊತ್ತು. ಅವರಿಗೆ ಗೊತ್ತಾಗಬೇಕು. ವಿಚಾರಣೆ ಮುಗಿಯೋವರೆಗೆ ಚೆಂಡು ಮುಟ್ಟಬೇಡ."

ಮೇಡಂ ಹೇಳಿದ್ದು ಅಂಗಳದಲ್ಲಿ ಮುಟ್ಟಬೇಡ ಎಂದು. ಅಕ್ಕ ಮನೆಯಲ್ಲೂ ಮುಟ್ಟಲಿಲ್ಲ. ಚೆಂಡನ್ನು ಬಟ್ಟೆ ಬುಟ್ಟಿಯ ಹಿಂದೆ ಸರಿಸಿ ಇಟ್ಟಳು. ರಾತ್ರಿ ಊಟವಾದ ಮೇಲೆ ಅಜ್ಜಿ, "ಏನೇ ಅದು, ಮೇಲಿನವರು ಮನೆ ಖಾಲಿ ಮಾಡಿದ್ರಾ? ಕೋಲಿನ ಸದ್ದೇ ಇಲ್ಲ" ಎಂದಳು. ಯಾರೂ ನಗಲಿಲ್ಲ. ಅಕ್ಕ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಅಂಚಿಗೆ ದೂಡಿ, ಮತ್ತೆ ನಡುವಿಗೆ ಎಳೆಯುತ್ತಿದ್ದಳು.

ತಂಡದ ಹುಡುಗಿಯರಿಗೂ ಹೆದರಿಕೆ. ಗೆದ್ದ ಪಂದ್ಯಗಳು ಕೈತಪ್ಪಿದರೆ ಎಲ್ಲರೂ ಮನೆಗೆ. ಅವರಲ್ಲಿ ಚೆಂಡು ಹೊಡೆಯುವವಳಿಗೆ ಗುಡುಗು ಎಂದು ಹೆಸರು. ಅಕ್ಕ ಎತ್ತಿಕೊಟ್ಟಿದ್ದನ್ನೇ ಹೊಡೆದು ಅವಳು ಆ ಹೆಸರು ಪಡೆದದ್ದು. ಅವಳು ಎಲ್ಲರ ಮುಂದೆ, "ಏಣಿ ಹತ್ತಿ ಅಟ್ಟಕ್ಕೆ ಹೋಗ್ತೀವಿ ಅಂದ್ಕೊಂಡ್ವಿ. ಹತ್ತಿ ನೋಡಿದ್ರೆ ಬಾವಿ" ಎಂದಳಂತೆ. ಅಕ್ಕ ಇದನ್ನು ಮನೆಗೆ ಬಂದು ನಗುತ್ತಾ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಅವಳ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

ಇದಕ್ಕೆ ಸುಲಭದ ದಾರಿ ಒಂದಿತ್ತು. 'ಈ ಹುಡುಗಿ ನಮ್ಮ ಕೆಲಸಗಾರ್ತಿಯಲ್ಲ' ಎಂದು ಕಾರ್ಖಾನೆಯವರು ಬರೆದುಕೊಟ್ಟರೆ ಸಾಕು. ಅಮ್ಮ ಮ್ಯಾನೇಜರ ಕೋಣೆಗೆ ಹೋಗಿ ಕೇಳಿದಳು. ಅವರು ಶೀಲ್ಡಿನ ಕಡೆಗೆ ಕೈ ತೋರಿಸಿ, "ಬರೆದುಕೊಟ್ರೆ ಹೊರಗಿನವರನ್ನ ಆಡಿಸಿ ಗೆದ್ವಿ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ. ನಿನ್ನ ಮಗಳ ಆಟಕ್ಕೆ ಕಾರ್ಖಾನೆ ಮಾನ ಹರಾಜು ಹಾಕ್ಬೇಕಾ?" ಎಂದರು. ಅಮ್ಮ ಏನೂ ಹೇಳದೆ ಬಂದು ಯಂತ್ರದ ಮುಂದೆ ಕೂತಳು. ಆ ದಿನ ಅವಳು ಹೊಲಿದ ಜೋಡಿಗಳಲ್ಲಿ ಕೆಲವಕ್ಕೆ ಹೊಲಿಗೆ ಅಡ್ಡ ಹೋಗಿ ಬಿಚ್ಚಿ ಮತ್ತೆ ಹಾಕಬೇಕಾಯಿತು.

ದೂರು ವಿಚಾರಿಸುವ ಸಮಿತಿ ಮನೆಯವರ ಸಾಕ್ಷಿಯನ್ನು ಒಪ್ಪುವುದಿಲ್ಲ. ತಂಡ ನೋಡಿಕೊಂಡವರು ಬಂದು ಬಾಯಿಂದ ಹೇಳಿದರೆ ಒಪ್ಪುತ್ತದೆ. ಅಂದರೆ ಉಳಿದವರು ಮೇಸ್ತ್ರಿ ಮಾವ ಒಬ್ಬರೇ.

ರಜೆಯ ದಿನ ಪಿಟಿ ಮೇಡಂ ಅವರನ್ನು ಕರೆದುಕೊಂಡು ನಾವು ಅವರ ಮನೆಗೆ ಹೋದೆವು. ಮೇಸ್ತ್ರಿ ಮಾವ ಹಿತ್ತಲಲ್ಲಿ ಸೋರುವ ನಲ್ಲಿಗೆ ದಾರ ಸುತ್ತುತ್ತಿದ್ದರು. ವಿಷಯ ಕೇಳುತ್ತಲೇ, "ಅಯ್ಯೋ, ನಮ್ಮ ಹುಡುಗಿಗೆ ನಾನು ಬರದೆ ಇರ್ತೀನಾ?" ಎಂದರು.

"ಅದೇ ತೊಂದರೆ ಆಗಿರೋದು ಮೇಸ್ತ್ರಿಗಳೇ" ಎಂದರು ಮೇಡಂ. "ಆ 'ನಮ್ಮ' ಬಿಟ್ಟು ಹೇಳಿ. ನಾನು ಸಮಿತಿಯವಳು ಅಂದ್ಕೊಳ್ಳಿ. ಈ ಹುಡುಗಿ ಯಾರು?"

"ನಮ್ಮ ಹೊಲಿಗೆ ವಿಭಾಗದ..."

"ಬಿಟ್ಟು."

"ನಮ್ಮ ಪಕ್ಕದ ಬೀದಿಯ..."

"ನಮ್ಮ ಬೇಡ."

"ನಮ್ಮ ಬಾಯಿಗೆ ಬರ್ತಿಲ್ಲ ಮೇಡಂ!"

ಒಳಗಿನಿಂದ ಚಹಾ ತಂದ ಅವರ ಹೆಂಡತಿ, "ಮದುವೆ ದಿನ ನನ್ನ ತೋರಿಸಿ 'ನಮ್ಮ ಹೆಂಡತಿ' ಅಂದವರು ಇವರು. ಇನ್ಯಾರು ಪಾಲುದಾರರು ಅಂತ ನಮ್ಮಪ್ಪ ಹುಡುಕ್ತಿದ್ರು" ಎಂದರು. ಆಗ ಎಲ್ಲರೂ ನಕ್ಕೆವು, ಅಕ್ಕ ಕೂಡ. ಬಹಳ ದಿನದ ಮೇಲೆ.

ನಗು ನಿಂತ ಮೇಲೆ ಮೇಸ್ತ್ರಿ ಮಾವ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಕೂತರು. ಆಮೇಲೆ ಮೆಲ್ಲಗೆ ಹೇಳಿದರು.

"ತಮಾಷೆ ಇರಲಿ ಮೇಡಂ. ಅಷ್ಟು ಜನರ ಮುಂದೆ ನಾನು ಇವಳು ಕೆಲಸಗಾರ್ತಿಯಲ್ಲ ಅಂದ್ರೆ ಶೀಲ್ಡು ಹೋಗುತ್ತೆ. ಶೀಲ್ಡು ಹೋದ್ರೆ ಮ್ಯಾನೇಜರು ಸುಮ್ನಿರಲ್ಲ. ಮತ್ತೆ ಅಂಟಿನ ಬೆಂಚಿಗೆ ಕಳಿಸ್ತೀನಿ ಅಂದಿದ್ದಾರೆ. ಈ ವಯಸ್ಸಿಗೆ ಆ ವಾಸನೆ ನನಗೆ ತಡೆಯಲ್ಲ."

ಅವರು ಮ್ಯಾನೇಜರಿಗೆ 'ನಮ್ಮ' ಸೇರಿಸಿರಲಿಲ್ಲ. ಅದನ್ನು ಗಮನಿಸಿದಾಗಲೇ ಇವರು ಬರುವುದು ಅನುಮಾನ ಎನ್ನಿಸಿತು ಎಂದು ಅಮ್ಮ ಆಮೇಲೆ ಹೇಳಿದಳು.

ಬರುತ್ತೇನೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಅವರು ಹೇಳಲಿಲ್ಲ. ಹೊರಡುವಾಗ ಅಕ್ಕ ಬಾಗಿಲಲ್ಲಿ ತಿರುಗಿ, "ಮಾವ, ನಿಮಗೆ ಕಷ್ಟ ಆಗೋದಾದ್ರೆ ಬರಬೇಡಿ" ಎಂದಳು. ಮೇಡಂ ಹಣೆ ಒತ್ತಿಕೊಂಡರು. ಬೀದಿ ತಿರುವಿನಲ್ಲಿ ಅಮ್ಮ ಬಯ್ಯತೊಡಗಿದಳು. "ಅಲ್ಲೂ ಎತ್ತಿಕೊಟ್ಟು ಬಂದೆಯಾ? ಒಂದು ಸಲ ನಿನಗೋಸ್ಕರ ಕೈ ಚಾಚೋಕೆ ಆಗಲ್ವಾ ನಿನಗೆ? ಯಾರ ಹೊಟ್ಟೆಯಲ್ಲಿ ಹುಟ್ಟಿದೆ ನೀನು?"

"ನಿನ್ನ ಹೊಟ್ಟೇಲೇ ಅಮ್ಮ. ಮ್ಯಾನೇಜರ ಹತ್ರ ನೀನೂ ಏನೂ ಹೇಳದೆ ಬಂದೆಯಲ್ಲ."

ಮನೆಯವರೆಗೂ ಇಬ್ಬರೂ ರಸ್ತೆಯ ಒಂದೊಂದು ಬದಿಯಲ್ಲಿ ನಡೆದರು.

ವಿಚಾರಣೆ ನಡೆದದ್ದು ಒಂದು ಹಳೆಯ ಕಚೇರಿಯ ಮೇಲಿನ ಮಹಡಿಯಲ್ಲಿ. ಕೋಣೆಯ ಫ್ಯಾನು ಕೆಟ್ಟಿತ್ತು, ಆದ್ದರಿಂದ ಬಾಗಿಲು ತೆರೆದೇ ಇಟ್ಟಿದ್ದರು. ಅಮ್ಮ, ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆವು. ಮಾತೆಲ್ಲ ಕೇಳುತ್ತಿತ್ತು. ಬಾಗಿಲಿನಷ್ಟು ಅಗಲ ಒಳಗೆ ಕಾಣುತ್ತಲೂ ಇತ್ತು. ನಾನು ಇಲ್ಲಿ ಬರೆಯುವುದು ಅಷ್ಟನ್ನೇ.

ಸಮಿತಿಯಲ್ಲಿ ಮೂವರು. ಮಾತಾಡಿದ್ದೆಲ್ಲ ನಡುವೆ ಕೂತ ಅಧ್ಯಕ್ಷೆ. ಕಪ್ಪು ಚೌಕಟ್ಟಿನ ಕನ್ನಡಕ, ದಣಿದ ಮುಖ. ಒಂದು ಪಕ್ಕದಲ್ಲಿ ಪಿಟಿ ಮೇಡಂ, ಅಕ್ಕ. ಇನ್ನೊಂದು ಪಕ್ಕದಲ್ಲಿ ದೂರು ಕೊಟ್ಟ ಕಾಲೇಜಿನ ಕೋಚು. ಅವರು ಕೋಣೆಯೊಳಗೂ ಟೋಪಿ ತೆಗೆದಿರಲಿಲ್ಲ. ಮೇಸ್ತ್ರಿ ಮಾವ ಬಂದಿರಲಿಲ್ಲ. ಅಮ್ಮ ಮೆಟ್ಟಿಲ ಕಡೆಗೇ ಕಿವಿ ಇಟ್ಟಿದ್ದಳು. ಯಾರ ಹೆಜ್ಜೆ ಸದ್ದು ಕೇಳಿದರೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು.

ಅಧ್ಯಕ್ಷೆ ಅಕ್ಕನನ್ನು ಕೇಳಿದರು. "ಆ ಪಂದ್ಯದಲ್ಲಿ ಕೆಲಸಗಾರರು ಮಾತ್ರ ಆಡಬಹುದು ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಹಾಗೆ ಹೇಳು ಎಂದು ಅಜ್ಜಿ ಬೆಳಿಗ್ಗೆಯೇ ಹೇಳಿಕೊಟ್ಟಿದ್ದಳು.

"ಗೊತ್ತಿತ್ತು" ಎಂದಳು ಅಕ್ಕ.

"ಮತ್ತೆ ಯಾಕೆ ಆಡಿದೆ?"

ಟೋಪಿ ಕೋಚು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಅಮ್ಮ ಆಡ್ತಿದ್ರು" ಎಂದಳು ಅಕ್ಕ.

ಬೆಂಚಿನ ಮೇಲೆ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು. ನೋಯುವಷ್ಟು ಗಟ್ಟಿಯಾಗಿ.

"ನೋಡಿ ಮೇಡಂ" ಎಂದರು ಟೋಪಿ ಕೋಚು. "ಗೊತ್ತಿದ್ದೂ ಆಡಿದ್ದಾಳೆ. ಅಂದ್ರೆ ಒಂದೋ ಇವಳು ಅಲ್ಲಿನ ಕೆಲಸಗಾರ್ತಿ, ಇಲ್ಲಾ ಮೋಸ ಮಾಡಿದ್ದಾಳೆ. ಎರಡರಲ್ಲಿ ಯಾವುದಾದ್ರೂ ನನಗೆ ಸರಿ."

ಆಗ ಮೆಟ್ಟಿಲ ಮೇಲೆ ದಪ್ಪ ಹೆಜ್ಜೆಯ ಸದ್ದು ಕೇಳಿತು. ಮೇಸ್ತ್ರಿ ಮಾವ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಏದುಸಿರು ಬಿಡುತ್ತಾ ಬಂದರು. ಅಮ್ಮನ ಕಡೆ ನೋಡಲಿಲ್ಲ. ನೇರ ಒಳಗೆ ಹೋದರು. ಅವರು ಯಾವ ಕಡೆಗೆ ಮಾತಾಡಲು ಬಂದಿದ್ದಾರೆ ಎನ್ನುವುದು ಅವರ ಬೆನ್ನು ನೋಡಿ ನಮಗೆ ತಿಳಿಯಲಿಲ್ಲ.

ಟೋಪಿ ಕೋಚು ಫೋನಿನಲ್ಲಿ ವಿಡಿಯೋ ಹಾಕಿದರು. ಗದ್ದಲದ ನಡುವೆ ಆ ದನಿ ಸ್ಪಷ್ಟವಾಗಿ ಕೇಳಿತು. "ನಮ್ಮವಳೇ! ಇನ್ಯಾರವಳು?"

"ಇದು ನಿಮ್ಮ ದನಿಯಾ?" ಎಂದರು ಅಧ್ಯಕ್ಷೆ.

"ನಮ್ಮದೇ."

"ನಮ್ಮವಳು ಅಂದ್ರೆ ನಿಮ್ಮ ಕಾರ್ಖಾನೆಯವಳು ಅಂತ ತಾನೇ?"

"ಅಂದ್ರೆ ಮೇಡಂ, ಅದು ಹೇಗೆ ಹೇಳೋದು... ಇವಳು ಅಂಬೆಗಾಲಿಡೋವಾಗ ಇವರಮ್ಮ ರಜೆ ಸಿಗದೆ ಒಂದೊಂದು ದಿನ ಕಾರ್ಖಾನೆಗೆ ಎತ್ಕೊಂಡು ಬರ್ತಿದ್ಲು. ಬೂಟಿನ ಪೆಟ್ಟಿಗೆಯಲ್ಲಿ ಕೂರಿಸಿ ನಾವೆಲ್ಲ ಸರದಿ ಮೇಲೆ ನೋಡ್ಕೊಂಡಿದ್ದು. ಇವಳ ಮೊದಲ ಬೂಟಿಗೆ ಅಂಟು ಹಚ್ಚಿದ್ದು ನಾನೇ. ಎಡಗಾಲಿದು ಸ್ವಲ್ಪ ಸೊಟ್ಟ ಆಗಿತ್ತು. ನಮ್ಮವಳು ಅಂದ್ರೆ ಅದು ಮೇಡಂ."

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೇಳಿದ್ದು ನನಗೆ ಅರ್ಥವಾಯ್ತು. ಆದ್ರೆ ಅದನ್ನ ತೀರ್ಪಿನಲ್ಲಿ ಬರೆಯೋಕೆ ಆಗಲ್ಲ. ನನಗೆ ಒಂದೇ ಮಾತು ಬೇಕು. ಅಂದು ಟೈರಿನವರು ನಿಮ್ಮವಳಾ ಅಂತ ಕೇಳಿದ್ರು, ನೀವು ಹೌದು ಅಂದ್ರಿ. ಇವತ್ತು ನಾನು ಅದನ್ನೇ ಕೇಳ್ತಿದ್ದೀನಿ. ಈ ಹುಡುಗಿ ನಿಮ್ಮವಳಾ, ಅಲ್ಲವಾ?"

ಮೇಸ್ತ್ರಿ ಮಾವ ಅಕ್ಕನನ್ನು ನೋಡಿದರು. ಅಕ್ಕ ತಲೆ ಬಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು.

"ಅಲ್ಲ."

"ಪೂರ್ತಿ ಹೇಳಿ."

"ನಮ್ಮವಳಲ್ಲ."

ಆ ದೊಡ್ಡ ದನಿಯ ಮನುಷ್ಯ ಅದನ್ನು ಎಷ್ಟು ಸಣ್ಣಗೆ ಹೇಳಿದರೆಂದರೆ, ಮೂಲೆಯಲ್ಲಿ ಟೈಪು ಮಾಡುತ್ತಿದ್ದ ಗುಮಾಸ್ತ, "ಕೇಳಿಸಲಿಲ್ಲ, ಜೋರಾಗಿ ಹೇಳಿ" ಎಂದ.

"ನಮ್ಮವಳಲ್ಲ ಅಂದೆನಲ್ಲಪ್ಪಾ! ಎಷ್ಟು ಸಲ ಹೇಳಿಸ್ತೀಯ?"

"ಹಾಗಾದ್ರೆ ಅವತ್ತು ಟೈರಿನವರಿಗೆ ಸುಳ್ಳು ಹೇಳಿದ್ರಿ" ಎಂದರು ಟೋಪಿ ಕೋಚು.

"ಹೌದು. ಅವರು ಒಂದು ಅರ್ಥದಲ್ಲಿ ಕೇಳಿದ್ರು, ನಾನು ಇನ್ನೊಂದು ಅರ್ಥ ಹಿಡ್ಕೊಂಡು ಜಾರಿದೆ. ಅದು ಸುಳ್ಳೇ. ಬೇಕಾದ್ರೆ ಅದನ್ನೂ ಬರ್ಕೊಳ್ಳಿ."

ಎಲ್ಲರನ್ನೂ ಹೊರಗೆ ಕಳಿಸಿದರು. ಬಾಗಿಲು ಮುಚ್ಚಿತು. ಪಿಟಿ ಮೇಡಂ ಕಿಟಕಿಯ ಹತ್ತಿರ ನಿಂತು ಉಗುರು ಕಚ್ಚಿದರು. ಅವರು ಉಗುರು ಕಚ್ಚುವುದನ್ನು ಅಕ್ಕನೂ ಅದೇ ಮೊದಲು ನೋಡಿದ್ದಂತೆ. ಮೇಸ್ತ್ರಿ ಮಾವ ನಮ್ಮ ಬೆಂಚಿಗೆ ಬರದೆ ಗೋಡೆಗೆ ಒರಗಿ ನಿಂತರು. ಅಕ್ಕ ಅಮ್ಮನ ಪಕ್ಕ ಕೂತಳು. ಅವಳಿಗೆ ಬಾಯಾರಿದೆ ಎಂದು ನಾನು ನೀರಿನ ಬಾಟಲಿ ಕೊಟ್ಟೆ.

ಬಾಗಿಲು ತೆರೆದಾಗ ಅಧ್ಯಕ್ಷೆ ನಿಂತುಕೊಂಡೇ ತೀರ್ಪು ಹೇಳಿದರು. ಹುಡುಗಿ ಕೆಲಸಗಾರ್ತಿಯಲ್ಲ, ಅವಳ ಅರ್ಹತೆ ಉಳಿಯುತ್ತದೆ. ಕಾಲೇಜು ಗೆದ್ದ ಪಂದ್ಯಗಳೂ ಉಳಿಯುತ್ತವೆ. ಆದರೆ ನಿಯಮ ಗೊತ್ತಿದ್ದೂ ಆಡಿದ್ದಕ್ಕೆ ಅಂತಿಮ ಸುತ್ತಿನ ಮೊದಲ ಪಂದ್ಯದಲ್ಲಿ ಅವಳು ಆಡುವಂತಿಲ್ಲ. ಆ ಪಂದ್ಯ ಸೋತರೆ ತಂಡ ಹೊರಗೆ. ಗೆದ್ದರೆ ಮುಂದಿನದರಲ್ಲಿ ಆಡಬಹುದು.

ಪಿಟಿ ಮೇಡಂ "ಸಾಕು, ಇಷ್ಟು ಸಾಕು" ಎಂದರು. ಅಕ್ಕ ಮಾತ್ರ ಅಳತೊಡಗಿದಳು. ಖುಷಿಗೆ ಅಳುತ್ತಿದ್ದಾಳೆ ಎಂದು ಗುಮಾಸ್ತ ಹೇಳಿದ. ಅವಳು ನೋಡುತ್ತಿದ್ದದ್ದು ಗೋಡೆಗೆ ಒರಗಿ ನಿಂತ ಮೇಸ್ತ್ರಿ ಮಾವನನ್ನು ಎಂದು ಅವನಿಗೆ ಗೊತ್ತಿರಲಿಲ್ಲ.

ಬಸ್ ಸ್ಟಾಪಿನಲ್ಲಿ ಮೇಸ್ತ್ರಿ ಮಾವ ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತಿದ್ದರು. ಅಕ್ಕ ಹೋಗಿ, "ಮಾವ" ಎಂದಳು.

"ಯಾರಮ್ಮ ನೀನು?" ಎಂದರು ಅವರು, ರಸ್ತೆಯ ಕಡೆಗೇ ನೋಡುತ್ತಾ. "ನಿನಗೂ ನನಗೂ ಸಂಬಂಧ ಇಲ್ಲ ಅಂತ ಸರ್ಕಾರಿ ಕಾಗದದಲ್ಲೇ ಟೈಪಾಗಿದೆ."

ಅಕ್ಕ ನಕ್ಕಳು. ಅವರೂ ನಕ್ಕರು. ಆದರೆ ಬಸ್ಸು ಬಂದಾಗ ಅವರು ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು, ನಾವು ಹಿಂದೆ ಕೂತೆವು. ಇಳಿಯುವವರೆಗೂ ಅವರು ತಿರುಗಿ ನೋಡಲಿಲ್ಲ.

ಶೀಲ್ಡನ್ನು ಅವರೇ ಹೋಗಿ ಟೈರಿನವರಿಗೆ ಕೊಟ್ಟು ಬಂದರು. ಮ್ಯಾನೇಜರು ಅವರನ್ನು ಅಂಟಿನ ಬೆಂಚಿಗೆ ಕಳಿಸಿದರು. ಅಮ್ಮನಿಗೂ ಅವರಿಗೂ ನಡುವೆ ಈಗ ಒಂದು ಯಂತ್ರದಷ್ಟೇ ದೂರ. ಮಧ್ಯಾಹ್ನ ಅವರು ಕಿಟಕಿಯ ಹತ್ತಿರ ಹೋಗಿ ನಿಂತು ಉಸಿರು ಎಳೆದುಕೊಳ್ಳುತ್ತಾರೆ ಎಂದು ಅಮ್ಮ ಹೇಳುತ್ತಾಳೆ. ಹೊಲಿಗೆಯ ಹೆಂಗಸರೆಲ್ಲ ಸೇರಿ ಮ್ಯಾನೇಜರ ಹತ್ತಿರ ಹೋಗಿದ್ದಾರೆ. ಈ ಸಲ ಅಮ್ಮ ಎಲ್ಲರಿಗಿಂತ ಮುಂದೆ ನಿಂತು ಮಾತಾಡಿದಳಂತೆ. ಉತ್ತರ ಇನ್ನೂ ಬಂದಿಲ್ಲ.

ಅಂತಿಮ ಸುತ್ತಿನ ಮೊದಲ ಪಂದ್ಯದಲ್ಲಿ ಅಕ್ಕನ ಬದಲು ಮೊದಲ ವರ್ಷದ ಒಂದು ಪುಟ್ಟ ಹುಡುಗಿ ಎತ್ತಿಕೊಟ್ಟಳು. ಅಕ್ಕ ಬೆಂಚಿನ ತುದಿಯಲ್ಲಿ ಟವೆಲ್ಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು. ಆ ಹುಡುಗಿಯ ಕೈಗೆ ಚೆಂಡು ಬಂದಾಗಲೆಲ್ಲ ಅಕ್ಕನ ಬೆರಳುಗಳೂ ತಾವಾಗಿಯೇ ಅರಳುತ್ತಿದ್ದವು. ಎರಡು ಸಲ ಎಲ್ಲ ಮುಗಿಯಿತು ಎಂದುಕೊಂಡೆವು. ಕೊನೆಗೆ ಎದುರಿನವರ ಒಂದು ಚೆಂಡು ಗೆರೆಯಿಂದ ಹೊರಗೆ ಬಿದ್ದು ನಮ್ಮ ಕಾಲೇಜು ಗೆದ್ದಿತು. ಗುಡುಗು ಬೆವರು ಒರೆಸಿಕೊಳ್ಳುತ್ತಾ ಬೆಂಚಿನ ಹತ್ತಿರ ಬಂದು, "ಆ ಮರಿ ಕೊಟ್ಟಿದ್ದನ್ನ ಹೊಡೆದು ಹೊಡೆದು ನನ್ನ ಭುಜ ಕಿತ್ತು ಬಂತು. ನಾಳೆ ಬಾ ಮಾರಾಯ್ತಿ" ಎಂದಳು. ಕ್ಷಮಿಸು ಎಂದು ಅವಳು ಕೇಳಲಿಲ್ಲ. ಅಕ್ಕನೂ ಅದಕ್ಕೆ ಕಾಯಲಿಲ್ಲ.

ಮರುದಿನ ಅಕ್ಕ ಒಳಗೆ ಹೋದಳು. ಮೊದಲ ಚೆಂಡು ಹಿಂದಿನಿಂದ ಬಹಳ ಚೆನ್ನಾಗಿ ಬಂತು. ಅಂಥ ಚೆಂಡನ್ನು ಅವಳು ಕಣ್ಣು ಮುಚ್ಚಿ ಎತ್ತಿಕೊಡುವವಳು. ಅದು ಅವಳ ಬೆರಳುಗಳ ನಡುವೆ ತಡವರಿಸಿ ಎರಡು ಸಲ ತಾಗಿತು. ರೆಫ್ರಿ ಸೀಟಿ ಊದಿ ಎರಡು ಬೆರಳು ಎತ್ತಿದರು. ಪಾಯಿಂಟು ಎದುರಿನವರಿಗೆ. ನೋಡುತ್ತಿದ್ದವರಲ್ಲಿ ಯಾರೋ, "ಓಹೋ, ಕಾರ್ಖಾನೆ ಮಾಲು!" ಎಂದು ಕೂಗಿದರು.

ಅಕ್ಕನ ಕಿವಿ ಕೆಂಪಾಗಿದ್ದು ನಾನು ಕೂತಲ್ಲಿಗೇ ಕಾಣುತ್ತಿತ್ತು. ಅವಳು ಪಿಟಿ ಮೇಡಂ ಕಡೆ ನೋಡಿದಳು. ಮೇಡಂ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಅವಳನ್ನು ಹೊರಗೆ ಕರೆಯಲಿಲ್ಲ.

"ನನಗೇ ಕೊಡು" ಎಂದಳು ಗುಡುಗು, ಎದುರಿನವರಿಗೂ ಕೇಳಿಸುವ ಹಾಗೆ.

ಅಕ್ಕ ಕೈಗಳನ್ನು ಚಡ್ಡಿಗೆ ಒರೆಸಿಕೊಂಡು ನೆಟ್ಟಿನ ಹತ್ತಿರ ಹೋಗಿ ನಿಂತಳು. ಎದುರಿನವರು ಸರ್ವ್ ಮಾಡಿದರು. ಹಿಂದಿನವಳು ಹೇಗೋ ಮೊಣಕೈಯಲ್ಲಿ ತಡೆದ ಚೆಂಡು ಅಡ್ಡಾದಿಡ್ಡಿಯಾಗಿ ಗೆರೆಯ ಕಡೆಗೆ ಹೊರಟಿತ್ತು. ಅಕ್ಕ ಅದರ ಹಿಂದೆ ಓಡಿದಳು.